ಕ್ಯಾತಣ್ಣ ಬೇಡವೆಂದ ಕಾರು

ಕ್ಯಾತಣ್ಣ ಗ್ಯಾರೇಜಿಗೆ ಬಿಳಿ ಅಂಗಿ ಹಾಕಿಕೊಂಡು ಬರುತ್ತಿದ್ದ. ಇಸ್ತ್ರಿ ಮಾಡಿದ, ಕಾಲರಿಗೆ ಗಂಜಿ ಹಾಕಿದ ಬಿಳಿ ಅಂಗಿ. ಹಿರಿಯೂರಿನಿಂದ ಹೊಸದುರ್ಗದ ಕಡೆಗೆ ಹೋಗುವ ರಸ್ತೆಯಲ್ಲಿ ಅವನ ಗ್ಯಾರೇಜು. ಅಲ್ಲಿ ನೆಲಕ್ಕೆ, ಗೋಡೆಗೆ, ಕುಡಿಯುವ ನೀರಿನ ಕೊಡಕ್ಕೆ ಕೂಡ ಆಯಿಲ್ ಮೆತ್ತಿಕೊಂಡಿರುತ್ತಿತ್ತು; ಅವನ ಅಂಗಿಗೆ ಮಾತ್ರ ಇಲ್ಲ. ನಿಂತು ಹೇಳಿ ಮಾಡಿಸುವ ಯಜಮಾನನಾಗಿದ್ದರೆ ಇದರಲ್ಲಿ ವಿಶೇಷವೇನೂ ಇರಲಿಲ್ಲ. ಗಾಡಿಯ ಕೆಳಗೆ ಮಲಗಿ ಗೇರ್‌ಬಾಕ್ಸ್ ಇಳಿಸುವವನು ಅವನೇ. ನುಗ್ಗುವ ಮುಂಚೆ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ, ಬನಿಯನ್ನಿನಲ್ಲಿ ಕೆಲಸ ಮುಗಿಸಿ, ಡೀಸೆಲ್ಲಿನಲ್ಲಿ ಕೈ ಉಜ್ಜಿ, ಸೋಪಿನಲ್ಲಿ ತೊಳೆದು, ಮತ್ತೆ ಅಂಗಿ ತೊಟ್ಟುಕೊಂಡ ಮೇಲೆಯೇ ಗಿರಾಕಿಯ ಜೊತೆ ಮಾತು. "ಡಾಕ್ಟ್ರು ರಕ್ತ ಮೆತ್ಕಂಡು ಬಂದು ಪೇಷೆಂಟ್ ಕಡೇರ ಹತ್ರ ಮಾತಾಡ್ತಾರೇನಪ್ಪ?" ಎನ್ನುತ್ತಿದ್ದ. ಬನಿಯನ್ನಿನಲ್ಲಿದ್ದಾಗ ಯಾರು ಏನು ಕೇಳಿದರೂ ಅವನಿಗೆ ಕೇಳಿಸುತ್ತಿರಲಿಲ್ಲ.

ನಾನು ಚಿತ್ರದುರ್ಗದವನು, ಹೆಸರು ಬಾಬಾಜಾನ್. ಹೊಳಲ್ಕೆರೆ ರಸ್ತೆಯಲ್ಲಿ ನನ್ನದೊಂದು ಕುಶನ್ ಅಂಗಡಿ. ಕಾರು, ಆಟೊ, ಟ್ರ್ಯಾಕ್ಟರ್, ಯಾವುದರ ಸೀಟಾದರೂ ಹೊಲಿಯುತ್ತೇನೆ. ನಮ್ಮಜ್ಜ ಟಾಂಗಾ ಗಾದಿ ಹೊಲಿಯುತ್ತಿದ್ದರು. ಅವರಿಗಿಂತ ಹಿಂದಿನವರು ಕೋಟೆಯ ಕುದುರೆಗಳಿಗೆ ಜೀನು ಹೊಲಿದವರೆಂದು ಅಬ್ಬಾ ಹೇಳುತ್ತಿದ್ದರು. ಅದಕ್ಕೆ ಸಾಕ್ಷಿಯೇನೂ ಇಲ್ಲ, ಹೇಳಿಕೊಳ್ಳುವುದಕ್ಕೆ ಚೆನ್ನಾಗಿದೆ. ಇಷ್ಟು ವರ್ಷ ಸೀಟು ಹೊಲಿದು ನನಗೊಂದು ಚಾಳಿ ಅಂಟಿದೆ. ಜನ ಹೇಗೆ ಕೂರುತ್ತಾರೆಂದು ನೋಡುತ್ತೇನೆ. ಸಾಲ ಮಾಡಿ ಕಾರು ಕೊಂಡವರು ಸೀಟಿನ ತುದಿಯಲ್ಲಿ ಕೂರುತ್ತಾರೆ. ಬಾಡಿಗೆ ಓಡಿಸುವವರು ಒಂದು ಕಡೆಗೆ ವಾಲಿ ಕೂರುತ್ತಾರೆ. ಕ್ಯಾತಣ್ಣ ಯಾರ ಗಾಡಿ ಹತ್ತಿದರೂ ಬೆನ್ನು ಪೂರ್ತಿ ಒರಗಿಸಿ, ಮನೆಯವನ ಹಾಗೆ ಕೂರುತ್ತಿದ್ದ. ಅದು ನನಗೆ ಬಹಳ ಹಿಡಿಸಿತ್ತು. ಗಾಡಿಯನ್ನು ತನ್ನದೇ ಎಂದುಕೊಂಡು ನೋಡುವ ಮೆಕ್ಯಾನಿಕ್ ಸಿಕ್ಕುವುದು ಪುಣ್ಯ ಎಂದು ಹೆಂಡತಿ ಶಮೀಮಳಿಗೆ ಹೇಳಿದ್ದೆ.

ನಮ್ಮಿಬ್ಬರನ್ನು ಸೇರಿಸಿದ್ದು ಒಂದು ಹಳೆಯ ಕಾರು. ದಾವಣಗೆರೆಯ ವಯಸ್ಸಾದ ಡಾಕ್ಟರೊಬ್ಬರು ಅದನ್ನು ಸೀಟು ಹೊಲಿಸಲು ನನ್ನ ಅಂಗಡಿಯಲ್ಲಿ ಬಿಟ್ಟುಹೋಗಿದ್ದರು. ಪೆಟ್ರೋಲ್ ಗಾಡಿ, ಅದರಲ್ಲಿ ಟರ್ಬೊ. ಎಂಜಿನ್ನಿನ ಹೊಗೆಯ ರಭಸಕ್ಕೇ ಒಂದು ಪುಟ್ಟ ಚಕ್ರ ತಿರುಗಿ, ಎಂಜಿನ್ನಿಗೆ ಇನ್ನಷ್ಟು ಗಾಳಿ ಊದುವ ಏರ್ಪಾಡು. ಈಗ ಎಷ್ಟೋ ಕಾರುಗಳಲ್ಲಿ ಇದೆ. ಅದು ತಯಾರಾದ ಕಾಲಕ್ಕೆ ನಮ್ಮ ಕಡೆ ಅಂಥ ಪೆಟ್ರೋಲ್ ಕಾರು ನೋಡಿದವರೇ ಕಡಿಮೆ. ಸೀಟು ಹೊಲಿದು, ವಾಪಸು ಕೊಡಲು ದಾವಣಗೆರೆಗೆ ಓಡಿಸಿಕೊಂಡು ಹೊರಟೆ. ಭರಮಸಾಗರ ದಾಟಿ ಖಾಲಿ ರಸ್ತೆ ಸಿಕ್ಕಾಗ ಸ್ವಲ್ಪ ಒತ್ತಿದೆ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಯಾರೋ ಹಿಂದಿನಿಂದ ಎರಡೂ ಕೈಯಲ್ಲಿ ತಳ್ಳಿದ ಹಾಗಾಯಿತು. ನಾನೇ ಹೊಲಿದ ಸೀಟಿಗೆ ನನ್ನ ಬೆನ್ನು ಅಂಟಿಕೊಂಡಿತು. ಡಾಕ್ಟರ ಮನೆ ಮುಟ್ಟುವ ಹೊತ್ತಿಗೆ, ಮಾರುವುದಾದರೆ ನನಗೇ ಕೊಡಿ ಎಂದು ಕೇಳಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವರಿಗೂ ಓಡಿಸುವ ಶಕ್ತಿ ಉಳಿದಿರಲಿಲ್ಲ, ಕೊಟ್ಟರು.

ಆ ತಳ್ಳುವಿಕೆಯೇ ನನ್ನ ತಲೆ ಕೆಡಿಸಿತು. ಡ್ರ್ಯಾಗ್ ರೇಸ್ ಎಂಬುದನ್ನು ಮೊಬೈಲಿನಲ್ಲಿ ನೋಡತೊಡಗಿದೆ. ಎರಡು ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸುತ್ತಾರೆ. ನೇರ ರಸ್ತೆ, ಕಾಲು ಮೈಲಿ. ಮೊದಲು ಮುಟ್ಟಿದವನು ಗೆದ್ದ. ತಿರುವಿಲ್ಲ, ಉಪಾಯವಿಲ್ಲ, ಮಾತಿಲ್ಲ. ನನ್ನ ಕಾರಿಗೆ ದೊಡ್ಡ ಟರ್ಬೊ ಕೂರಿಸಿ, ಕ್ಲಚ್ ಬದಲಿಸಿ, ಹಿಂದಿನ ಸೀಟೆಲ್ಲ ಕಿತ್ತು ಹಗುರ ಮಾಡಿ, ಒಂದು ಸಲ ಅಲ್ಲಿ ನಿಲ್ಲಬೇಕು ಎನಿಸಿತು. ಗೆಲ್ಲುವ ಹುಚ್ಚಿರಲಿಲ್ಲ. ಬದುಕಿನುದ್ದಕ್ಕೂ ಬೇರೆಯವರು ಕೂರುವುದಕ್ಕೆ ಸೀಟು ಹೊಲಿದವನಿಗೆ ತಾನೂ ಒಮ್ಮೆ ಕೂತು ಹೋಗಬೇಕೆಂಬ ಆಸೆ, ಅಷ್ಟೆ. ನಲವತ್ತು ದಾಟಿದ ಗಂಡಸಿಗೆ ಇದೆಂಥ ಆಸೆಯೆಂದು ಶಮೀಮ ನಗುತ್ತಿದ್ದಳು. ಆದರೆ ಬೇಡವೆಂದು ಅವಳೂ ಹೇಳಲಿಲ್ಲ. ಬೇಡವೆಂದವನು ಕ್ಯಾತಣ್ಣ.

ಅವನ ಹತ್ತಿರ ಮೊದಲು ಹೋದದ್ದು ಕಾರಿನಲ್ಲಿ ಸಿಳ್ಳೆ ಹೊಡೆದಂಥ ಸದ್ದು ಬರುತ್ತಿದ್ದುದಕ್ಕೆ. ಅವನದೊಂದು ನಿಯಮವಿತ್ತು. ಗಿರಾಕಿಯನ್ನು ಪಕ್ಕ ಕೂರಿಸಿಕೊಂಡು ಮಾರಿಕಣಿವೆಯ ತನಕ ಹೋಗಿ ಬಾರದೆ ಯಾವ ಗಾಡಿಯ ಬಾನೆಟ್ಟನ್ನೂ ಎತ್ತುತ್ತಿರಲಿಲ್ಲ. "ಕುಂತ್ಕಳ್ರಿ, ಹೋಗಾಣ" ಎಂದ. ನಾನು ಸದ್ದಿನ ವಿಷಯ ಹೇಳಲು ಹೋದರೆ, "ನೀವು ಸುಮ್ಕಿರ್ರಿ, ಅದೇ ಹೇಳ್ತೈತೆ" ಎಂದು ಬಾಯಿ ಮುಚ್ಚಿಸಿದ. ಅಣೆಕಟ್ಟೆಯ ಹತ್ತಿರ ಒಂದು ಟೀ ಕುಡಿದು ತಿರುಗಿದೆವು. ಬರುವಾಗ ನೇರ ರಸ್ತೆಯಲ್ಲಿ ಒಂದು ಸಲ ಜೋರಾಗಿಯೇ ಓಡಿಸಿದ. ಗ್ಯಾರೇಜಿನ ಮುಂದೆ ಇಳಿದು, "ಏನಿಲ್ರಿ, ಉಬ್ಬುಸ. ಉಸಿರು ಎಲ್ಲೋ ಸೋರ್ತೈತೆ" ಎಂದ. ಗಾಳಿಯ ಪೈಪೊಂದು ಬಿರುಕು ಬಿಟ್ಟಿತ್ತು, ಬದಲಿಸಿದ.

ಅವನ ಮಾತೇ ಹಾಗೆ. ಅವನು ಜವನಗೊಂಡನಹಳ್ಳಿ ಪಕ್ಕದ ಒಂದು ಹಟ್ಟಿಯವನು. ಮನೆಮಂದಿಯೆಲ್ಲ ಕುರಿ ಕಾಯುವವರು. ಇವನೊಬ್ಬ ಲಾರಿ ಕ್ಲೀನರ್ ಆಗಿ ಹೈವೇ ಹತ್ತಿ, ಹಾಗೇ ಮೆಕ್ಯಾನಿಕ್ ಆದ. ಮಾತು ಮಾತ್ರ ಹಟ್ಟಿಯಲ್ಲೇ ಉಳಿಯಿತು. ಸ್ಟಾರ್ಟ್ ಆಗದ ಗಾಡಿ "ಮೇವು ಬಿಟ್ಟೈತೆ". ಆಯಿಲ್ ಸೋರಿದರೆ "ಭೇದಿ". ಹೊಸ ಕಾರು ತಂದವನಿಗೆ "ಮರಿ ಚೆನ್ನಾಗೈತೆ, ಕಣ್ಣು ಬಿದ್ದೀತು" ಎನ್ನುತ್ತಿದ್ದ. ಸೂಟು ಹಾಕಿದ ಬೆಂಗಳೂರಿನ ಗಿರಾಕಿಯೊಬ್ಬ ತನ್ನ ದೊಡ್ಡ ಕಾರಿಗೆ ಭೇದಿ ಎಂದಾಗ ಮುಖ ಕೆಂಪು ಮಾಡಿಕೊಂಡಿದ್ದನ್ನು ನಾನೇ ನೋಡಿದ್ದೇನೆ.

ನನಗೆ ಅವನ ಮೇಲೆ ಪೂರ್ತಿ ನಂಬಿಕೆ ಬರಿಸಿದ್ದು ಗೋಣಿಚೀಲ. ಗಾಡಿಯಿಂದ ಕಿತ್ತ ಹಳೆಯ ಸಾಮಾನನ್ನೆಲ್ಲ, ತುಕ್ಕು ಹಿಡಿದ ಬೋಲ್ಟು ಕೂಡ ಬಿಡದೆ, ಒಂದು ಚೀಲಕ್ಕೆ ತುಂಬಿ, ಚೀಲದ ಮೇಲೆ ಗಾಡಿಯ ನಂಬರನ್ನು ಹಳದಿ ಪೇಂಟಿನಲ್ಲಿ ಬರೆಸಿ ಗಿರಾಕಿಗೆ ವಾಪಸು ಕೊಡುತ್ತಿದ್ದ. "ಕಿತ್ತಿದ್ದು ನಿಂದು. ನಂದು ಕೈಕೆಲ್ಸ ಅಷ್ಟೆ." ಗುಜರಿಗೆ ಹಾಕಿದರೆ ಅವನಿಗೇ ನಾಲ್ಕು ಕಾಸು ಬರುತ್ತಿತ್ತು, ಬೇಕಾಗಿರಲಿಲ್ಲ. ನಾವು ಮರೆತು ಬಂದರೆ ಹಿರಿಯೂರು–ದುರ್ಗ ಓಡಾಡುವ ಟೆಂಪೊದಲ್ಲಿ ಮನೆಗೇ ಕಳಿಸುತ್ತಿದ್ದ. ಆ ಕೆಲಸ ಅವನ ಬಾಮೈದ ತಿಪ್ಪೇಸ್ವಾಮಿಯದು. ನಮ್ಮ ಮನೆಯ ಮೆಟ್ಟಿಲ ಕೆಳಗೆ ಅಂಥ ಚೀಲಗಳು ಸೇರಿ ಸೇರಿ, ಇದು ಮನೆಯೋ ಗುಜರಿ ಅಂಗಡಿಯೋ ಎಂದು ಶಮೀಮ ರೇಗುತ್ತಿದ್ದಳು. ನಾನು ಒಂದನ್ನೂ ಬಿಸಾಡಲಿಲ್ಲ.

ಬಕ್ರೀದಿಗೆ ನಮ್ಮ ಮನೆಗೆ ಟಗರು ಆರಿಸುವವನೂ ಅವನೇ ಆದ. ತನ್ನ ಅಣ್ಣನ ಹಿಂಡಿಗೆ ಕರೆದುಕೊಂಡು ಹೋಗಿ, ಬಿಳಿ ಅಂಗಿಯಲ್ಲೇ ಹಿಂಡಿನ ಮಧ್ಯೆ ನುಗ್ಗಿ, ಬೆನ್ನಿನ ಮೂಳೆ ಅಮುಕಿ, ತೊಡೆ ಹಿಡಿದು, ಹಲ್ಲು ನೋಡಿ ಆರಿಸುತ್ತಿದ್ದ. ಅಷ್ಟು ಹೊತ್ತಿಗೆ ನಾವಿಬ್ಬರೂ ನೀವು-ತಾವು ಬಿಟ್ಟು ನೀನು ಎನ್ನುವಷ್ಟಾಗಿದ್ದೆವು. ಒಂದು ವರ್ಷ ಹಿಂಡಿನಲ್ಲಿ ಕಪ್ಪು ಮೂತಿಯ ದೊಡ್ಡ ಟಗರೊಂದನ್ನು ಕಂಡು, "ಇದು?" ಎಂದೆ. "ಅದು ಬ್ಯಾಡ ಬಾಬಣ್ಣ, ಹಿಂದಗಾಲು ಎಳಿತೈತೆ" ಎಂದ. ನೋಡಿದೆ, ನಡಿಗೆ ನೆಟ್ಟಗೇ ಇತ್ತು. ಅವನಣ್ಣ ಪಕ್ಕದಲ್ಲಿ ನಗುತ್ತಿದ್ದ. ವಾಪಸು ಬರುವಾಗ ಕ್ಯಾತಣ್ಣ ತಾನೇ ಹೇಳಿದ: "ನಮ್ಮಪ್ಪ ಹಂಗೇ ಮಾಡ್ತಿದ್ದ. ಮನಸ್ಸಿಗೆ ಬಂದ ಟಗರನ್ನ ಸಂತೇಲಿ ಕಂಡ್ರೆ, ಏನಪ್ಪ ಇದು ಕುಂಟ್ತೈತೆ, ಕೆಮ್ಮೈತೆ ಅಂತ ಎಲ್ರಿಗೂ ಕೇಳೋ ಹಂಗೆ ಅಂದ್ಬಿಡ್ತಿದ್ದ. ಬ್ಯಾರೇರು ಬಿಟ್ ಹೋಗೋರು. ಸಂತೆ ಎದ್ದ ಮ್ಯಾಲೆ ಹೋಗಿ ತಾನೇ ಹಿಡ್ಕಂಡ್ ಬರೋನು." ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವರಪ್ಪ ಎಂಥ ಆಸಾಮಿ ಇರಬೇಕೆಂದು ಮನೆಗೆ ಬಂದು ಶಮೀಮಳಿಗೂ ಹೇಳಿ ನಗಿಸಿದೆ.

ಕಾರಿನ ಮಾತು ನಮ್ಮಿಬ್ಬರ ನಡುವೆ ವರ್ಷಗಟ್ಟಲೆ ನಡೆಯಿತು. ಮಾಡಿಸಲೋ ಬೇಡವೋ ಎಂಬುದು ನನಗೆ ಹಲ್ಲುನೋವಿನ ಹಾಗೆ ಬಂದು ಹೋಗಿ ಮಾಡುತ್ತಿತ್ತು. ಬಂದಾಗೆಲ್ಲ ಹಿರಿಯೂರಿಗೆ ಹೋಗುತ್ತಿದ್ದೆ. ಅವನು ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ಅಂಗಿ ತೊಟ್ಟು, ಬೆಂಚಿನ ಮೇಲೆ ಕೂತು, ಮೊದಲಿಂದ ಹೇಳುತ್ತಿದ್ದ.

"ಬ್ಯಾಡ ಬಾಬಣ್ಣ. ವಯಸ್ಸಾಗೈತೆ ಅದ್ಕೆ. ದೊಡ್ಡ ಟರ್ಬೊ ಇಕ್ಕಿದ್ರೆ ಒಳಗಿನ ಕಬ್ಬಿಣ ತಡೀಬೇಕಲ್ಲ? ಮೊದಲ್ನೇ ಏಟಿಗೇ ಪಿಸ್ಟನ್ನು ಒಡ್ಕಂಡು ಆಚೆಗೆ ಬತ್ತೈತೆ. ಆಮ್ಯಾಕೆ ಕಣ್ಣೀರು ಹಾಕ್ಕಂಡು ಗುಜರಿಗೆ ತಳ್ಳಬೇಕು."

"ನಿಧಾನವಾಗಿ ಮಾಡಿದ್ರೆ? ಒಳಗಿನ ಸಾಮಾನೂ ಬದಲಾಯಿಸಿ?"

"ಎಲ್ಲಾ ಬದಲಾಯಿಸ್ದ ಮ್ಯಾಲೆ ಆ ಗಾಡಿ ಎಲ್ಲೈತೆ? ನಿನ್ ಮಗಳು ಇದ್ರಾಗೇ ಅಲ್ವಾ ಕಾಲೇಜಿಗೆ ಹೋಗಿದ್ದು? ಅದನ್ನ ಕೊಯ್ಯಾಕೆ ನನ್ ಕೈ ಬರಲ್ಲ, ನೋಡಪ್ಪ."

ಆ ಕೊನೆಯ ಮಾತಿಗೆ ನಾನು ಕರಗಿಬಿಡುತ್ತಿದ್ದೆ. ಇವನಿಗೆ ನನ್ನ ಕಾರಿನ ಮೇಲೆ ನನಗಿಂತ ಕರುಣೆ ಎಂದುಕೊಳ್ಳುತ್ತಿದ್ದೆ. ಬೇರೆ ಯಾರನ್ನಾದರೂ ಕೇಳು ಎಂದು ಶಮೀಮ ಒಮ್ಮೆ ಹೇಳಿದಳು. ಕ್ಯಾತಣ್ಣನ ಮಾತಿನ ಮೇಲೆ ಇನ್ನೊಬ್ಬರನ್ನು ಕೇಳುವುದು ಅವನಿಗೆ ಅವಮಾನ ಮಾಡಿದ ಹಾಗೆ ಎಂದು ಅವಳ ಮೇಲೆಯೇ ಸಿಡುಕಿದೆ.

ಮಾರಿಕಣಿವೆ ತುಂಬಿ ಕೋಡಿ ಬಿದ್ದ ವರ್ಷ. ಜಿಲ್ಲೆಯ ಜನವೆಲ್ಲ ನೀರು ನೋಡಲು ಹೋಗುತ್ತಿದ್ದರು. ನಾವಿಬ್ಬರೂ ಅದೇ ಕಾರಿನಲ್ಲಿ ಹೋದೆವು. ಜನಜಂಗುಳಿಯಿಂದ ಆಚೆ ನಿಂತು ನೀರು ನೋಡುತ್ತಿದ್ದಾಗ ನಾನು, ಆಯಿತು, ಇನ್ನು ಆ ಮಾತು ಎತ್ತುವುದಿಲ್ಲ ಎಂದೆ. ಕ್ಯಾತಣ್ಣ ನನ್ನ ಭುಜ ಹಿಡಿದುಕೊಂಡ.

"ಹಂಗಾದ್ರೆ ಒಂದು ಮಾತು ಹೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡ. ಗಾಡಿ ಕಣ್ಮುಂದೆ ಇದ್ರೆ ನಿಂಗೆ ಆಸೆ ಹೋಗಲ್ಲ. ಒಂದಲ್ಲ ಒಂದಿನ ಯಾವನ್ ಕೈಯಾಗೋ ಕೊಟ್ಟು ಕೊಯ್ಯಿಸ್ತೀಯ. ಹೊಸದುರ್ಗದಾಗೆ ನಮ್ ಪರಿಚಯದ ಕೊಬ್ಬರಿ ಸಾವ್ಕಾರ್ರು ಅದಾರೆ. ಹಳೇ ಗಾಡಿ ಹಂಗಂಗೇ ಇಟ್ಕಣ ಷೋಕಿ ಅವ್ರಿಗೆ. ಒಂದು ಬೋಲ್ಟು ಬಿಚ್ಚಲ್ಲ. ಕೊಟ್ಬಿಡು."

ಮನೆಗೆ ಬಂದು ಒಂದು ವಾರ ಅನ್ನ ರುಚಿಸಲಿಲ್ಲ. ಕೊನೆಗೆ ಕೊಟ್ಟೆ. ಬಂದ ದುಡ್ಡು ನ್ಯಾಯವಾದದ್ದೇ, ಅದರಲ್ಲಿ ನನಗೆ ಮೋಸವಾಗಲಿಲ್ಲ. ಸಾಹುಕಾರರಿಗೆ ಓಡಾಡಲು ಆಗುವುದಿಲ್ಲವೆಂದು ಕ್ಯಾತಣ್ಣನೇ ಬಂದು, ಕೊಳ್ಳುವವರ ಹೆಸರು ಇನ್ನೂ ತುಂಬದ ಕಾಗದಕ್ಕೆ ಸಹಿ ಹಾಕಿಸಿಕೊಂಡ, ಕೀ ತೆಗೆದುಕೊಂಡ. ಹೊರಡುವಾಗ ಶಮೀಮ ಕೊಟ್ಟ ಶರಬತ್ತು ಕುಡಿದು, "ನಿಮ್ಮನೆ ಹೆಣ್ಮಗಳನ್ನ ಕಳಿಸ್ಕೊಟ್ಟಂಗೆ ಆತು, ಅಲ್ಲೇನವ್ವ" ಎಂದ.

ಆಮೇಲೆ ಅವನು ಸಿಕ್ಕಾಗಲೆಲ್ಲ ನಾನು ಕೇಳುವ ಮೊದಲ ಮಾತು, ಗಾಡಿ ಹೇಗಿದೆ ಎಂದೇ. ಅವನ ಹತ್ತಿರ ಪ್ರತಿ ಸಲವೂ ಒಂದು ಸುದ್ದಿ ಇರುತ್ತಿತ್ತು. "ಮೊನ್ನೆ ಹೊಸದುರ್ಗಕ್ಕೆ ಹೋಗಿದ್ದೆ. ಶೆಡ್ಡಲ್ಲಿ ಕವರ್ ಹೊದ್ಕಂಡು ಮಲಗೈತೆ." "ಸಾವ್ಕಾರ್ರ ಮೊಮ್ಮಗಳು ಅದ್ರಾಗೆ ಕುಂತು ಹೋಂವರ್ಕ್ ಬರೀತೈತಂತೆ." ಒಂದು ಸಲ, "ನಿನ್ ಸೀಟು ಹೊಲಿಗೆ ನೋಡಿ ಯಾರು ಹೊಲ್ದಿದ್ದು ಅಂತ ಕೇಳಿದ್ರಪ್ಪ" ಎಂದ. ಆ ದಿನ ನಾನು ಅಂಗಡಿಯಲ್ಲಿ ಹಾಡು ಗುನುಗುತ್ತ ಕೆಲಸ ಮಾಡಿದೆ. ಆ ಮೊಮ್ಮಗಳನ್ನು ಒಂದು ದಿನ ನೋಡಿ ಬರಬೇಕೆಂದೂ ಅಂದುಕೊಂಡಿದ್ದೆ.

ಹೋದ ವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಟೆಂಪೊದವನು ಮನೆಯ ಮುಂದೆ ಒಂದು ಗೋಣಿಚೀಲ ಇಳಿಸಿ ಹೋದ. ಹಳದಿ ಪೇಂಟಿನಲ್ಲಿ ನನ್ನ ಹಳೆಯ ಕಾರಿನ ನಂಬರು. ಚೀಲದ ಬಾಯಿ ಬಿಚ್ಚಿದೆ. ಮೇಲೇ ನಾನು ಹೊಲಿದ ಹಿಂದಿನ ಸೀಟಿನ ಕವರು ಮಡಚಿಟ್ಟಿತ್ತು. ನನ್ನ ಕೈಹೊಲಿಗೆ ನನಗೆ ಗೊತ್ತಾಗದೇ? ಅಂಚಿಗೆ ಎರಡು ಸಾಲು, ಮೂಲೆಯಲ್ಲಿ ಒಳಮಡಿಕೆ. ಅದರ ಕೆಳಗೆ ಬಾಗಿಲ ಒಳಗಿನ ಹಲಗೆ, ಕೊಯ್ದ ಸೈಲೆನ್ಸರ್ ಪೈಪು, ಹಳೆಯ ಕ್ಲಚ್ ಪ್ಲೇಟು. ತಳದಲ್ಲಿ ಪೇಪರಿನಲ್ಲಿ ಸುತ್ತಿದ ಆ ಪುಟ್ಟ ಟರ್ಬೊ.

ನನಗೆ ಮೊದಲು ಬಂದ ಯೋಚನೆ, ಸಾಹುಕಾರರಿಗೆ ಆಕ್ಸಿಡೆಂಟ್ ಆಗಿದೆ ಎಂದು. ಆ ಮಗು ಒಳಗಿತ್ತೋ ಏನೋ. ತಿಪ್ಪೇಸ್ವಾಮಿಗೆ ಫೋನ್ ಮಾಡಿದೆ.

"ಆಕ್ಸಿಡೆಂಟಾ? ಇಲ್ಲಣ್ಣ, ರೇಸಿಗೆ ರೆಡಿ ಮಾಡಿದ್ವಲ್ಲ, ಅದ್ರ ಸಾಮಾನು" ಎಂದ. "ಥೂ, ಅದು ನಿಮ್ಮನೆಗೆ ಬಂತಾ? ಆ ನಂಬರಿನ್ ಚೀಲ ಯಾವಾಗ್ಲೂ ನಿಮಗೇ ಅಲ್ವಾ ಕಳ್ಸದು, ಕೈ ಅಭ್ಯಾಸದಾಗೆ ಟೆಂಪೊಗೆ ಹಾಕ್ಬಿಟ್ಟೆ."

"ಸಾವ್ಕಾರ್ರು ರೇಸು ಓಡಿಸ್ತಾರಾ?"

"ಯಾವ ಸಾವ್ಕಾರ್ರು?" ಎಂದ. "ಗಾಡಿ ಭಾವಂದೇ ಅಲ್ವಾ ಅಣ್ಣ. ನಿಮ್ಹತ್ರಾನೇ ತಗಂಡಿದ್ದು ಅಂದ. ಭಾನುವಾರ ಓಡಿಸ್ತಾನೆ, ನಿಮ್ಮನ್ನೂ ಕರ್ದಿರ್ತಾನೆ ಅಂದ್ಕಂಡಿದ್ದೆ."

ಫೋನ್ ಇಟ್ಟ ಮೇಲೆ ಚೀಲದ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತೆ. ಸಾಹುಕಾರರಿಲ್ಲ, ಶೆಡ್ಡಿಲ್ಲ, ಹೋಂವರ್ಕ್ ಬರೆಯುವ ಮೊಮ್ಮಗಳೂ ಇಲ್ಲ. ಕಪ್ಪು ಮೂತಿಯ ಟಗರು ಆಗ ನೆನಪಾಯಿತು. ಸಂತೆಯ ಗುಟ್ಟನ್ನು ಅವನು ನನಗೇ ಹೇಳಿ, ನನ್ನ ಜೊತೆಯಲ್ಲೇ ನಕ್ಕಿದ್ದ. ನನ್ನ ಕಾರಿಗೆ ಕುಂಟು ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದ. ಸಿಟ್ಟಿಗಿಂತ ಮೊದಲು ನಾಚಿಕೆಯಾಯಿತು. ಶಮೀಮ ಬಂದು ಸೀಟಿನ ಕವರನ್ನು ನೋಡಿ, ಅದನ್ನು ಒಳಗೆ ತೆಗೆದುಕೊಂಡು ಹೋದಳು.

ಭಾನುವಾರ ಬಸ್ಸಿನಲ್ಲಿ ಹಿರಿಯೂರಿಗೆ ಹೋದೆ. ಊರಾಚೆ ಯಾರೋ ಸೈಟು ಮಾಡಲು ಹೊರಟು ಅರ್ಧಕ್ಕೆ ಬಿಟ್ಟ ಲೇಔಟು. ಮನೆಗಳಿಲ್ಲ, ನಡುವೆ ಅಗಲವಾದ ಕಾಂಕ್ರೀಟ್ ರಸ್ತೆ ಮಾತ್ರ ನೆಟ್ಟಗೆ ಮಲಗಿದೆ. ಜಾಗದವರ ಒಪ್ಪಿಗೆ ಪಡೆದು, ಹಗ್ಗ ಕಟ್ಟಿ, ಆಂಬುಲೆನ್ಸ್ ನಿಲ್ಲಿಸಿ ಹುಡುಗರು ರೇಸು ಮಾಡುತ್ತಿದ್ದರು. ದೂರದಿಂದಲೇ ನನ್ನ ಕಾರು ಗುರುತು ಸಿಕ್ಕಿತು. ಬಣ್ಣ ಅದೇ. ಬಾನೆಟ್ಟಿನಲ್ಲಿ ಗಾಳಿಗೆ ತೂತು ಕೊರೆದಿದ್ದರು. ಪಕ್ಕದಲ್ಲಿ ಕ್ಯಾತಣ್ಣ ಬಿಳಿ ಅಂಗಿಯಲ್ಲಿ ನಿಂತು ಯಾರಿಗೋ ಏನನ್ನೋ ವಿವರಿಸುತ್ತಿದ್ದ.

ನನ್ನನ್ನು ಕಂಡ. ಮಾತು ಅರ್ಧಕ್ಕೆ ನಿಂತಿತು. ತಿಪ್ಪೇಸ್ವಾಮಿ ಹೇಳಿರಬೇಕು, ಅವನಿಗೆ ಆಶ್ಚರ್ಯವೇನೂ ಆದ ಹಾಗಿರಲಿಲ್ಲ.

"ಬಂದ್ಯಾ" ಎಂದ.

"ನಿನ್ ಕೈ ಬರಲ್ಲ ಅಂದಿದ್ದೆ, ಕೊಯ್ಯಾಕೆ."

ಅವನು ನೆಲ ನೋಡಿದ. ನನ್ನ ಕಣ್ಣು ತಪ್ಪಿಸಿದ್ದು ಅದೊಂದೇ ಸಲ. "ನಂಗೆ ಬೇಕಾಗಿತ್ತು ಬಾಬಣ್ಣ" ಎಂದ. "ಇಂಥದು ಇನ್ನೊಂದು ಸಿಗ್ತಿರ್ಲಿಲ್ಲ."

"ಕೇಳ್ಬೋದಿತ್ತಲ್ಲ."

"ಕೇಳಿದ್ರೆ ಕೊಡ್ತಿದ್ಯಾ?"

ಕೊಡುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದಕ್ಕೇ ಅಲ್ಲವೇ ಬೇರೆ ದಾರಿ ಹಿಡಿದದ್ದು. ನಾನು ತಿರುಗಿ ಹೊರಡಬೇಕಿತ್ತು, ಹೊರಡಲಿಲ್ಲ. ಅವನು ಕಾರಿನ ಮೇಲಿಟ್ಟಿದ್ದ ಹೆಲ್ಮೆಟ್ಟನ್ನು ತೆಗೆದು ನನ್ನ ಮುಂದೆ ಹಿಡಿದ.

"ಈಗ ಊಟಕ್ಕೆ ಬಿಟ್ಟೈತೆ, ರಸ್ತೆ ಖಾಲಿ ಐತೆ. ಒಂದ್ ಸಲ ಓಡ್ಸು. ಆಮ್ಯಾಕೆ ಬೇಕಾದಂಗೆ ಬಯ್ಯಿ."

ಮರ್ಯಾದೆ ಇದ್ದವನು ಆ ಹೆಲ್ಮೆಟ್ಟನ್ನು ಮುಟ್ಟುತ್ತಿರಲಿಲ್ಲ. ನಾನು ಮುಟ್ಟಿದೆ. ಒಳಗೆ ಒಂದೇ ಸೀಟು. ಅದು ಅವನ ಮೈ ಅಳತೆಗೆ ಹೊಲಿಸಿದ್ದು, ನನ್ನ ಕಾಲು ಪೆಡಲಿಗೆ ಕಷ್ಟಪಟ್ಟು ಎಟುಕಿತು. ಒರಟು ಕೆಲಸ, ಹೊಲಿಗೆ ಎಲ್ಲ ಕಡೆ ಎಳೆದುಕೊಂಡಿತ್ತು. ನನ್ನ ಹತ್ತಿರ ತರಲಾಗದೆ ಬೇರೆ ಎಲ್ಲೋ ಹೊಲಿಸಿದ್ದ. ಅವನೇ ಬಗ್ಗಿ ನನಗೆ ಬೆಲ್ಟು ಬಿಗಿದ. ಅವನ ಬೆರಳಿನಿಂದ ಸೋಪಿನ ವಾಸನೆ ಬರುತ್ತಿತ್ತು.

ಓಡಿಸಿದೆ. ಅದನ್ನು ಹೇಗೆ ಬರೆಯಲಿ? ಭರಮಸಾಗರದ ರಸ್ತೆಯಲ್ಲಿ ಎರಡು ಕೈ ತಳ್ಳಿದ್ದರೆ, ಇಲ್ಲಿ ಊರಿಗೂರೇ ಸೇರಿ ತಳ್ಳಿತು. ಎದೆಯ ಮೇಲೆ ಯಾರೋ ಕೂತಂತಾಯಿತು, ಕಣ್ಣಂಚಿನಲ್ಲಿ ಹಗ್ಗ, ಕಂಬ ಎಲ್ಲ ಕರಗಿದವು, ಎರಡನೇ ಗೇರಿನಲ್ಲಿ ನಾನು ನಗುತ್ತಿದ್ದೇನೆಂದು ನನಗೇ ಹೆಲ್ಮೆಟ್ಟಿನೊಳಗೆ ಕೇಳಿಸಿತು. ಒಂದು ಬೋಲ್ಟೂ ಅದುರಲಿಲ್ಲ. ಪಿಸ್ಟನ್ನು ಒಡೆಯಲಿಲ್ಲ. ಕಬ್ಬಿಣ ತಡೆಯಿತು. ರಸ್ತೆ ಮುಗಿಯಿತು.

ಕಾರು ನಿಲ್ಲಿಸಿದ ಮೇಲೆ ಇಳಿಯಲಾಗದೆ ಹಾಗೇ ಕೂತಿದ್ದೆ. ಓಡಿಸದೆ ಹಿಂದಿರುಗಿದ್ದರೆ ಚೆನ್ನಾಗಿತ್ತು. ಏನು ಹೋಯಿತೆಂದು ಸರಿಯಾಗಿ ಗೊತ್ತಿಲ್ಲದೆ ಬದುಕಬಹುದಿತ್ತು. ಕ್ಯಾತಣ್ಣ ಬೈಕಿನಲ್ಲಿ ಹಿಂದೆಯೇ ಬಂದ. ಅವನ ಮುಖ ನೋಡಬೇಕಿತ್ತು. ಖುಷಿ ತಡೆಯಲಾಗುತ್ತಿರಲಿಲ್ಲ ಅವನಿಗೆ. ಮಾಡಿದ್ದೆಲ್ಲ ಆ ಕ್ಷಣಕ್ಕೆ ಮರೆತೇ ಹೋಗಿತ್ತು.

"ಹೆಂಗೈತೆ?" ಎಂದ.

"ಇದು ಹಿಂಗೆ ಓಡುತ್ತೆ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ಮೊನ್ನೆ ಮೊನ್ನೆ ಬಿಚ್ಚಿ ನೋಡಿದ ಮೇಲೆ ಎನ್ನಬಹುದಿತ್ತು. ಆದರೆ ಗಾಡಿಯ ವಿಷಯದಲ್ಲಿ ತನಗೆ ತಡವಾಗಿ ತಿಳಿಯಿತು ಎಂದು ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ.

"ಮೊದಲ್ನೇ ದಿವಸಾನೇ" ಎಂದ. "ಮಾರಿಕಣಿವೆಯಿಂದ ವಾಪಸ್ ಬರ್ತಾ ಒತ್ತಿದ್ನಲ್ಲ, ಅವಾಗ್ಲೇ."

ಬೆಲ್ಟು ಬಿಚ್ಚಿ, ಹೆಲ್ಮೆಟ್ಟನ್ನು ಸೀಟಿನ ಮೇಲಿಟ್ಟು ಇಳಿದೆ. ಮೊದಲ ದಿವಸವೇ ಎಂದರೆ, ಆಮೇಲಿನ ಟೀ, ಟಗರು, ಬೆಂಚಿನ ಮೇಲಿನ ಆ ಮಾತುಗಳು, ಮಗಳ ಕಾಲೇಜು ನೆನೆದು ನಾನು ಕರಗಿದ್ದು, ಯಾವುದು ನಿಜ? ಎಲ್ಲವೂ ಸುಳ್ಳಾಗಿದ್ದರೆ ಬಿಟ್ಟುಬಿಡುವುದು ಸುಲಭವಿತ್ತು. ಸುಳ್ಳಲ್ಲ ಎಂಬುದೇ ನನಗೆ ಸಂಕಟ. ಅವನು ನನ್ನನ್ನು ಇಷ್ಟಪಟ್ಟಿದ್ದ, ಅದೂ ನಿಜ. ಇಷ್ಟಪಡುತ್ತಲೇ ಕಾದಿದ್ದ.

"ಊಟ ಮಾಡ್ಕಂಡು ಹೋಗು ಬಾಬಣ್ಣ" ಎಂದು ಹಿಂದಿನಿಂದ ಕರೆದ. ನಾನು ಹೈವೇ ತನಕ ನಡೆದು ದುರ್ಗದ ಬಸ್ಸು ಹತ್ತಿದೆ. ಅವನನ್ನು ನೋಡಿದ್ದು ಅದೇ ಕೊನೆ. ಗ್ಯಾರೇಜು ಅಲ್ಲೇ ಇದೆ, ಅವನೂ ಗಟ್ಟಿಮುಟ್ಟಾಗಿದ್ದಾನೆ, ರೇಸುಗಳಲ್ಲಿ ಹೆಸರೂ ಮಾಡಿದ್ದಾನೆಂದು ಕೇಳುತ್ತೇನೆ. ಎರಡು ಸಲ ಫೋನ್ ಮಾಡಿದ್ದ, ನಾನು ಎತ್ತಲಿಲ್ಲ. ಹಿರಿಯೂರಿನ ಗಿರಾಕಿಗಳು ಬಂದರೆ ಸೀಟು ಹೊಲಿದುಕೊಡುತ್ತೇನೆ, ಅವನ ಸುದ್ದಿ ಕೇಳುವುದಿಲ್ಲ. ಅವರಾಗಿ ಹೇಳಿದರೆ ಮಿಷನ್ನಿನ ಸದ್ದು ಜೋರು ಮಾಡುತ್ತೇನೆ.

ಈಗ ನನ್ನ ಹತ್ತಿರ ಒಂದು ಸಣ್ಣ ಕಾರಿದೆ, ಯಾರಿಗೂ ಆಸೆ ಹುಟ್ಟಿಸುವಂಥದ್ದಲ್ಲ. ಮೊನ್ನೆ ಬ್ರೇಕು ಹಿಡಿದಾಗ ಕಿರುಗುಟ್ಟಿತೆಂದು ದುರ್ಗದಲ್ಲೇ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದೆ. ಒಳ್ಳೆಯ ಹುಡುಗ ಎಂದು ಎಲ್ಲರೂ ಹೇಳುತ್ತಾರೆ. ಚಕ್ರ ಬಿಚ್ಚಿ ನೋಡಿ, ಮತ್ತೆ ಹಾಕಿ, "ಏನಿಲ್ರಿ ಸಾಬ್ರೆ, ಧೂಳು ಅಷ್ಟೆ. ಇನ್ನೊಂದ್ ವರ್ಷ ಆರಾಮಾಗಿ ಬರ್ತೈತೆ, ಸುಮ್ನೆ ಖರ್ಚು ಮಾಡ್ಬ್ಯಾಡ್ರಿ" ಎಂದ. ಒಳ್ಳೆಯ ಮಾತೇ. ನಾನು ಕೀ ಈಸಿಕೊಳ್ಳದೆ, ಇವನಿಗೆ ನನ್ನಿಂದ ಏನು ಬೇಕಿರಬಹುದೆಂದು ಅವನ ಮುಖವನ್ನೇ ನೋಡುತ್ತ ನಿಂತುಬಿಟ್ಟೆ.